ಅಟ್ಟದ ಕೊಬ್ಬರಿ, ಪರಮೇಶಿಯ ಎಣ್ಣೆ

ಪರಮೇಶಿ ನನ್ನ ಮುಖ ನೋಡಿ ಮಾತಾಡಿದ್ದೇ ಇಲ್ಲ. ಎದುರಿಗೇ ಕೂತಿದ್ದರೂ ಅವನು ನೋಡುತ್ತಿದ್ದದ್ದು ಮೊಬೈಲಿನೊಳಗಿನ ನನ್ನನ್ನು. "ಅಜ್ಜಿ, ಸ್ವಲ್ಪ ಎಡಕ್ಕೆ ಬನ್ನಿ" ಎಂದು ಆ ಮೊಬೈಲಿಗೇ ಹೇಳುತ್ತಿದ್ದ.

ತಿಪಟೂರಿನವನು. ಸೋಪು, ಮಸಾಲೆಪುಡಿ ಮಾಡುವ ಕಂಪನಿಗಳಿಂದ ವೀಡಿಯೊ ಕೆಲಸ ಹಿಡಿದು ಹಳ್ಳಿಯ ಹೆಣ್ಣುಮಕ್ಕಳ ಕೈಲಿ ಮಾಡಿಸುತ್ತಿದ್ದ. ತೆಂಗಿನ ಸೀಮೆಯಲ್ಲಿ ಹುಟ್ಟಿಯೂ ಒಂದು ಕಾಯಿ ಸುಲಿದವನಲ್ಲ. ನಮ್ಮ ಜಗಲಿಯ ಮೇಲೆ ಕೂರಬೇಕಾದರೆ ಕರ್ಚೀಫು ಹಾಸುತ್ತಿದ್ದ. "ಜನ ನೋಡೋದು ಮುಖಾನ ಅಜ್ಜಿ, ಮಾಲನ್ನಲ್ಲ" ಎನ್ನುವುದು ಅವನ ವೇದಾಂತ. ದನ ಕೊಳ್ಳುವವನು ಹಲ್ಲು ಹಿಡಿದು ನೋಡುತ್ತಾನೆ. ಇವನಿಗೆ ಕೊಂಬಿಗೆ ಬಣ್ಣ ಬಳಿದಿದ್ದರೆ ಸಾಕು.

ನನ್ನ ಮೊಮ್ಮಗಳು ಚೈತ್ರ ಬಾಣಂತನಕ್ಕೆ ಬಂದವಳು, ಮಗು ತೊಟ್ಟಿಲಲ್ಲಿ ಮಲಗಿದ ಹೊತ್ತಿನಲ್ಲಿ ಈ ಕೆಲಸ ಹಿಡಿದಳು. ತೊಟ್ಟಿಲು ತೂಗಲು ಒಂದು ಕೈ, ಮೊಬೈಲಿಗೆ ಒಂದು ಕೈ. ಯಾರ ಮುಂದೆಯೂ ಕೈಯೊಡ್ಡದೆ ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಿದ್ದಳು. ನಮ್ಮೂರು ಹೊನ್ನವಳ್ಳಿಯ ಹೆಂಗಸರು "ಚೈತ್ರ ಹೇಳವ್ಳೆ" ಎಂದೇ ಸೋಪು ತರುತ್ತಿದ್ದರು. ನನಗೋ ಹಿಗ್ಗು. ಅದಕ್ಕೇ ಪರಮೇಶಿಯನ್ನೂ ಸಹಿಸಿಕೊಂಡೆ.

ಒಂದು ದಿನ ನನ್ನನ್ನೂ ವೀಡಿಯೊಗೆ ಕೂರಿಸಿದ. ನನ್ನ ತಲೆ ಸಾಕಷ್ಟು ನರೆತಿಲ್ಲವಂತೆ. ಸೀದಾ ದೇವರ ಗೂಡಿಗೆ ಕೈ ಹಾಕಿ, ವಿಭೂತಿ ಗಟ್ಟಿ ತಂದು ನನ್ನ ಕೂದಲಿಗೆ ತಿಕ್ಕಿದ!

"ಲೋ, ಅದು ಹಣೆಗೆ ಕಣೋ, ಮೂದೇವಿ!"

"ವೀಡಿಯೊದಲ್ಲಿ ಗೊತ್ತಾಗಲ್ಲ ಬುಡಿ ಅಜ್ಜಿ" ಎಂದು ಹಲ್ಲು ಕಿರಿದ. ಶಿವನಿಗೆ ಗೊತ್ತಾಗುತ್ತದೆ ಎನ್ನುವುದು ಆ ತಲೆಗೆ ಹೊಳೆಯಲಿಲ್ಲ.

ಕಡೆಯ ಸಲ ಬಂದಾಗ ತಲೆಗೆ ಹಚ್ಚುವ ಎಣ್ಣೆಯ ಬಾಟಲು ತಂದ. ಚೈತ್ರ ಹೇಳಬೇಕಾದ ಮಾತನ್ನೂ ಬರೆದು ತಂದಿದ್ದ: "ನಮ್ಮಜ್ಜಿ ಅಟ್ಟದ ಉಂಡೆಕೊಬ್ಬರಿಯಿಂದ ತೆಗೆದ ಎಣ್ಣೆ ಇದು. ನನ್ನ ಮಗುವಿಗೂ ಇದನ್ನೇ ಹಚ್ಚೋದು."

ನಾನು ನಕ್ಕುಬಿಟ್ಟೆ. ವರ್ಷದ ಹತ್ತಿರ ಅಟ್ಟದಲ್ಲಿ ಕೂತು, ಚಿಪ್ಪಿನೊಳಗೇ ಒಣಗಿದ ಉಂಡೆಕೊಬ್ಬರಿಯನ್ನು ನಮ್ಮಲ್ಲಿ ಯಾವ ಹುಚ್ಚನೂ ಗಾಣಕ್ಕೆ ಹಾಕುವುದಿಲ್ಲ. ಅದು ತಿನ್ನುವ ಮಾಲು. ಗಾಣಕ್ಕೆ ಹೋಗುವುದು ಚೂರು, ಒಡಕಲು. ಬಾಟಲಿನ ಮುಚ್ಚಳ ತೆಗೆದೆ. ಕೆಟ್ಟ ಕೊಬ್ಬರಿಯ ನಾತ ಮೂಗಿಗೆ ಹೊಡೆಯಿತು.

"ಕೌಟು ಕಣಪ್ಪ ಇದು. ಮಂಡಿಯೋರು ಮೂಸಿ ಆಚೆಗೆ ಎಸೀತಾರೆ."

"ವೀಡಿಯೊಗೆ ವಾಸ್ನೆ ಇರಲ್ಲ ಅಜ್ಜಿ" ಎಂದವನು ಚೈತ್ರಳ ಕಡೆ ತಿರುಗಿ, "ಇದೊಂದು ಮಾಡ್ದಿದ್ರೆ ಇನ್ಮೇಲೆ ಯಾವ ಕೆಲ್ಸಾನೂ ಬರಲ್ಲ, ನೋಡಮ್ಮ" ಎಂದ.

ಚೈತ್ರ ಎಲ್ಲಿ ಒಪ್ಪಿಬಿಡುತ್ತಾಳೋ ಎಂದುಕೊಂಡೆ. ಕೆಲಸ ಹೋದರೆ ಹೋಗಲಿ. ಅವಳ ಮಾತು ನಂಬಿ ಊರಿನ ಕೂಸುಗಳ ತಲೆಗೆಲ್ಲ ಈ ಕೌಟು ಹತ್ತಿದರೆ ಆಮೇಲೆ ಅವಳನ್ನು ಯಾರು ನಂಬುತ್ತಾರೆ? ಅವಳು ಮಗುವನ್ನು ಸೊಂಟಕ್ಕೆ ಹಾಕಿಕೊಂಡು, ಬಾಟಲು ಹಿಡಿದು ಅವನ ಹತ್ತಿರ ಹೋದಳು.

"ತಲೆ ಬಗ್ಸಿ ಪರಮೇಶಣ್ಣ. ಮೊದ್ಲು ನಿಮಗೆ, ಆಮೇಲೆ ನನ್ನ ಮಗೀಗೆ."

ಅವನು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡ. "ಏ, ಬ್ಯಾಡ ಬ್ಯಾಡ! ಸಂಜೆ ರಿಸೆಪ್ಷನ್ ಐತೆ ಕಣಮ್ಮ, ಈಗ್ತಾನೆ ಶಾಂಪೂ ಹಾಕಿದೀನಿ!"

"ಹಂಗಾರೆ ತಗೊಂಡ್ಹೋಗಿ" ಎಂದು ಬಾಟಲನ್ನು ಅವನ ಚೀಲಕ್ಕೆ ತುರುಕಿದಳು. ನಾನು ಹಿಗ್ಗಿದ ಹಿಗ್ಗಿಗೆ ರವಿಕೆಯ ಗುಂಡಿ ಕಿತ್ತುಹೋಗದೆ ಉಳಿದದ್ದೇ ಹೆಚ್ಚು.

ಎರಡು ತಿಂಗಳು ಕೆಲಸ ಬರಲಿಲ್ಲ. ಚೈತ್ರ ಸುಮ್ಮನೆ ಕೂರಲಿಲ್ಲ. ತುರುವೇಕೆರೆಯಲ್ಲಿ ಕೊಬ್ಬರಿ ಚಟ್ನಿಪುಡಿ ಮಾಡುವ ಹೆಂಗಸೊಬ್ಬಳಿಗೆ ತಾನೇ ಫೋನು ಮಾಡಿ, ಪುಡಿ ತರಿಸಿ, ತಾನು ತಿಂದು, ನನಗೂ ತಿನ್ನಿಸಿ, ಆಮೇಲೆ ವೀಡಿಯೊ ಮಾಡಿದಳು. ಈಗ ಅಂಥವರು ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ನನ್ನ ಬಂಗಾರ!

ಪರಮೇಶಿ ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ. ಕೊನೆಗೆ ಕಂಡದ್ದು ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ. ನಾಚಿಕೆ ಮಾನ ಒಂದೂ ಇಲ್ಲದೆ ಹತ್ತಿರ ಬಂದು, "ಅಜ್ಜಿ, ಆ ಚಟ್ನಿಪುಡಿಯೋರ ನಂಬರ್ ಕೊಡ್ಸಿ. ಭಾರಿ ಪುಡಿ ಕಣಜ್ಜಿ, ನಾನೇ ಎಲ್ಲಾ ಕಡೆ ಹೇಳಿಸ್ತೀನಿ" ಎಂದ.

"ತಿಂದು ನೋಡಿದೀಯೇನಪ್ಪ?"

"ತಿನ್ನೋದ್ಯಾಕಜ್ಜಿ? ವೀಡಿಯೊ ನೋಡಿದೀನಲ್ಲ!"

ನಾನು ಹೊನ್ನವಳ್ಳಿ ಬಸ್ಸು ಹತ್ತಿದೆ.