ಅತ್ತೆಯ ಎಡಗೈ

ಅತ್ತೆ ನನ್ನ ಏರ್ ಪಿಸ್ತೂಲನ್ನು ಎಡಗೈಗೆ ತೆಗೆದುಕೊಂಡಾಗ ನಾನು ನಗು ತಡೆದುಕೊಂಡು ಪಕ್ಕಕ್ಕೆ ಸರಿದೆ. ಕಾಫಿ ಒಣಗಿಸುವ ಕಣದಲ್ಲಿ ಜಾರಿಬಿದ್ದು ನನ್ನ ಬಲಗೈ ಪ್ಲಾಸ್ಟರಿನಲ್ಲಿತ್ತು. ಮೂಡಿಗೆರೆಯ ಶೂಟಿಂಗ್ ಸ್ಪರ್ಧೆಗೆ ಮೊದಲೇ ಹೆಸರು ಕೊಟ್ಟಿದ್ದರಿಂದ ಒಂದು ವಾರದಿಂದ ಗೋದಾಮಿನ ಹಿಂದೆ ಎಡಗೈಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಗುರಿಯ ಹಾಳೆಗಿಂತ ಅದನ್ನು ಅಂಟಿಸಿದ್ದ ಗೋಡೆಗೇ ಹೆಚ್ಚು ಏಟು ಬಿದ್ದಿತ್ತು.

“ಆ ಗೋಡೆ ನಿಂಗೆ ಎಂತ ಮಾಡಿತ್ತು? ಇಲ್ಲಿ ಕೊಡು ನೋಡಣ,” ಎಂದು ಅತ್ತೆ ಕೈಚಾಚಿದ್ದರು.

ಹಿಡಿಯುವುದು ಹೇಗೆಂದು ತೋರಿಸಿಕೊಟ್ಟೆ. ಅವರ ಮೊದಲ ಗುಂಡು ಹಾಳೆಯ ಅಂಚಿಗೆ ತಾಗಿತು. ಎರಡನೆಯದೂ ಮೂರನೆಯದೂ ನಡುವಿನ ಕಪ್ಪು ವೃತ್ತದೊಳಗೇ ಹೋದವು. ನನ್ನ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

“ನಿಮ್ದು ಎಡಗೈಯಾ ಅತ್ತೆ?” ಎಂದೆ. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದರೂ ನನಗದು ಗೊತ್ತಿರಲಿಲ್ಲ.

“ಹುಟ್ಟಿದ್ದೇ ಹಂಗೆ. ಈ ಕೈಲಿ ಉಣ್ಣಕ್ಕೆ ಹೋದ್ರೆ ನಮ್ಮಪ್ಪ ಬೆರಳ ಗಂಟಿಗೆ ಹೊಡೀತಿದ್ರು. ಅರವತ್ತು ವರ್ಷದಿಂದ ಸುಮ್ನೆ ಕೂತಿದ್ದ ಕೈ ಮಾರಾಯ್ತಿ, ಇನ್ನೊಂದು ಗುಂಡು ಹಾಕು,” ಎಂದರು.

ಸ್ಪರ್ಧೆಯಲ್ಲಿ ನಾನು ಕಟ್ಟಕಡೆಯವಳಾದೆ. ಮರುವಾರ ನೆಂಟರು ಊಟಕ್ಕೆ ಬಂದಿದ್ದಾಗ ಅತ್ತೆ ಎಲ್ಲರೆದುರು ಎಡಗೈಯಲ್ಲೇ ಕಡುಬು ಮುರಿದು ಸಾರಿಗೆ ಅದ್ದಿ ತಿಂದರು. ಏನೋ ಹೇಳಲು ಬಾಯಿ ತೆರೆದ ಮಾವ, ಅತ್ತೆ ತಮ್ಮತ್ತ ತಿರುಗಿ ನೋಡಿದ ಕೂಡಲೇ ನನ್ನ ಬಳಿ ಉಪ್ಪಿನಕಾಯಿ ಕೇಳಿದರು.