ನಿಕೋಬಾರ್ ಪಾರಿವಾಳದ ಬಿಳಿ ಬಾಲ

ಪಾರಿವಾಳ ನೋಡಲು ಜರ್ಮನಿಗೆ ಹೋಗಬೇಕಿತ್ತಾ ಎಂದು ನಗಬೇಡಿ. ಫ್ರಾಂಕ್‌ಫರ್ಟ್ ಬಳಿಯ ಪಕ್ಷಿಧಾಮದ ಗಾಜಿನ ಮನೆಯಲ್ಲಿ ನನ್ನೆದುರು ನಿಂತಿದ್ದದ್ದು ನಮ್ಮದೇ ನಿಕೋಬಾರ್ ದ್ವೀಪದ ಪಾರಿವಾಳ! ಬೂದು ತಲೆ, ಕೊರಳ ಸುತ್ತ ಬಿಚ್ಚಿದ ಜಡೆಯಂತೆ ಇಳಿಬಿದ್ದ ಹಸಿರು ಗರಿ, ಬಿಸಿಲು ಬಿದ್ದರೆ ಮೈಯೆಲ್ಲ ಉಜ್ಜಿಟ್ಟ ತಾಮ್ರದ ಚೊಂಬು. ಬಾಲ ಮಾತ್ರ ಅಚ್ಚ ಬಿಳಿ. ಆದರೆ ಅದು ಪೂರ್ತಿ ಕಾಣುವುದು ಹಾರಿದಾಗಷ್ಟೇ. ಈ ಮಹಾರಾಯ ಹಾರಿದರೆ ತಾನೆ? ಕೋಳಿಯ ಹಾಗೆ ನೆಲದ ಮೇಲೆ ಕಾಳು ಹುಡುಕುತ್ತ ಓಡಾಡುತ್ತಲೇ ಇತ್ತು.

ಕೆಲಸದ ವೀಸಾ ಮೇಲೆ ಅಲ್ಲಿಗೆ ಬಂದಿದ್ದ ಗೆಳೆಯ ಸುಧಿ ಗಡಿಯಾರ ನೋಡಿದ. “ನಡಿ ಗುರು, ನಿನ್ನ ಫ್ಲೈಟ್ ಮಿಸ್ ಆಗುತ್ತೆ.”

“ಒಂದೇ ಒಂದ್ಸಲ ಹಾರ್ಲಿ ಇರೋ!”

ಪಕ್ಕದಲ್ಲಿ ದೊಡ್ಡ ಕ್ಯಾಮೆರಾ ಹಿಡಿದ ಜರ್ಮನ್ ಅಜ್ಜನೂ ಅದಕ್ಕೇ ಕಾಯುತ್ತಿದ್ದ.

ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಸುಧಿಯ ಅಮ್ಮ ಬೆಂಚಿನ ಮೇಲೆ ಕೂತಿದ್ದರು. ಪಾರಿವಾಳ ಅವರ ಕಾಲ ಬಳಿಯಿದ್ದ ಕೋಡುಬಳೆ ಚೀಲಕ್ಕೆ ಕೊಕ್ಕು ಹಾಕಿತು. ತಾರಸಿಯಲ್ಲಿ ಸಂಡಿಗೆ ಕಾದ ಕೈ ಸುಮ್ಮನಿರುತ್ತದೆಯೇ? ಪಟಪಟ ಚಪ್ಪಾಳೆ ಹೊಡೆದು, “ಹುಶ್! ಹೋಗಾಚೆ!” ಎಂದರು.

ಹಾರಿತು ನೋಡಿ! ಆ ಹಸಿರಿನ ಹಿಂದೆ ಬಾಲ, ಬಿಚ್ಚಿದ ಬಿಳಿ ಬೀಸಣಿಗೆ! ನಾನು ಜೋರಾಗಿ ಕಿರುಚಿಯೇಬಿಟ್ಟೆ.

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸುಧಿ ಹಣೆ ಚಚ್ಚಿಕೊಂಡ. ಅಜ್ಜ ನೇರ ಅಮ್ಮನ ಹತ್ತಿರ ಬಂದು, ಕ್ಯಾಮೆರಾ ತೋರಿಸುತ್ತ ಜರ್ಮನ್‌ನಲ್ಲಿ ಏನೋ ಹೇಳಿದ.

“ಬೈತಿದ್ದಾರೇನೋ?” ಅಮ್ಮ ಮಗನನ್ನು ಕೇಳಿದರು.

“ಇಲ್ಲಮ್ಮ, ಫೋಟೋ ತಪ್ಪಿಹೋಯ್ತಂತೆ. ಇನ್ನೊಂದ್ಸಲ ಓಡಿಸ್ತೀರಾ ಅಂತಿದ್ದಾರೆ.”

“ಸುಮ್‌ಸುಮ್ನೆ ಓಡಿಸೋಕಾಗುತ್ತೇನೋ? ಮತ್ತೆ ಬಂದು ಕೋಡುಬಳೆಗೆ ಬಾಯಿ ಹಾಕ್ಲಿ, ಆಮೇಲೆ ನೋಡೋಣ.”