ಇನ್ನೂ ಬಾರದ ತೋಳು

ಜುಗೂಳದಲ್ಲಿ ನಮಗೆ ಕಬಡ್ಡಿ ಕಲಿಸುತ್ತಿದ್ದ ಮಾಸ್ತರರು ಬೆಳಿಗ್ಗೆ ಯಾರನ್ನೂ ನೇರವಾಗಿ ಆಟಕ್ಕೆ ಬಿಡುತ್ತಿರಲಿಲ್ಲ. ಮೈ ಬಿಸಿಯಾಗುವವರೆಗೆ ಓಡಿಸಿ, ಸಾಲಾಗಿ ನಿಲ್ಲಿಸಿ ಕಣ್ಣು ಮುಚ್ಚಿಸುತ್ತಿದ್ದರು. ಹಾಗೇ ನಿಂತು ಮೊಣಕಾಲನ್ನು ಅವರು ಹೇಳಿದಷ್ಟೇ ಮಡಚಬೇಕು, ತೋಳನ್ನು ಭುಜದ ಮಟ್ಟಕ್ಕೇ ಎತ್ತಬೇಕು. ಮೈ ಬಿಸಿಯಾಗದಿದ್ದರೆ ಕೀಲಿಗೆ ತಾನೆಲ್ಲಿದ್ದೇನೆಂಬುದೇ ತಿಳಿಯುವುದಿಲ್ಲ ಎನ್ನುತ್ತಿದ್ದರು. ತಪ್ಪಿದವನ ಮೊಣಕಾಲಿಗೆ ತಣ್ಣನೆಯ ಬೆರಳಿಟ್ಟು, "ಇದು ಇನ್ನೂ ಬಂದಿಲ್ಲಲೇ, ಬರೂತನಕ ತಡಿ," ಎನ್ನುವರು. ಅದು ಕೃಷ್ಣೆಯ ಆಚೆ ದಂಡೆಯಿಂದ ನಡೆದು ಬರಬೇಕೇನೋ ಎಂಬಂತೆ ನಾವು ಕಾಯುತ್ತಿದ್ದೆವು.

ಒಂದು ಚಳಿಗಾಲದ ಬೆಳಿಗ್ಗೆ ಹೊಳೆಯ ಮಂಜು ಮೈದಾನದವರೆಗೂ ಬಂದಿತ್ತು. ಮಾಸ್ತರರು ನಮ್ಮೆದುರು ನಿಂತು ತಾವೂ ಕಣ್ಣು ಮುಚ್ಚಿದರು.

"ಎರಡೂ ತೋಳ ಎತ್ರಲೇ, ನನ್ನಂಗ."

ಮಾತು ತೊದಲಿದಂತೆನಿಸಿ ನಾನು ಕಣ್ಣು ತೆರೆದೆ. ಅವರ ಬಲತೋಳು ನೆಟ್ಟಗೆ ಚಾಚಿತ್ತು. ಎಡತೋಳು ತೊಡೆಯ ಪಕ್ಕ ಜೋತುಬಿದ್ದಿತ್ತು.

"ಸರ, ಎಡಗೈ ಕೆಳಗ ಐತ್ರಿ."

ಅವರು ಕಣ್ಣು ತೆರೆಯಲಿಲ್ಲ. ತುಟಿಯ ಒಂದೇ ಬದಿಯಲ್ಲಿ ನಕ್ಕರು. "ಎರಡೂ ಬಂದಾವಲೇ. ಸರಿಯಾಗಿ ನೋಡು."

ಮಿರಜದ ಆಸ್ಪತ್ರೆಗೆ ಹೊರಟ ಜೀಪಿನಲ್ಲಿ ಅವರನ್ನು ಒರಗಿಸಿಕೊಂಡು ಕೂತಿದ್ದೆ. ಆ ಎಡತೋಳು ನನ್ನ ತೊಡೆಯ ಮೇಲೆ ಅಲುಗದೆ ಬಿದ್ದಿತ್ತು. ಊರು ದಾಟಿದ ಮೇಲೆ ಮಾಸ್ತರರು ಮೆಲ್ಲಗೆ ಕೇಳಿದರು.

"ಎಡಗೈ ಎತ್ತಿ ಎತ್ತಿ ಸೋತೈತಿ. ಈಗ ಇಳಸ್ಲೇನು?"

"ಇಳಸ್ರಿ ಸರ," ಎಂದೆ.

ತೊಡೆಯ ಮೇಲಿದ್ದ ತೋಳು ಒಮ್ಮೆಲೇ ಭಾರವಾಯಿತು.